ಮೇಲುಗೊಬ್ಬರಕ್ಕೆ ತಾರೀಖು ಸಾಲದು

ಪ್ರತಿ ಮುಂಗಾರಿನಲ್ಲೂ ರಾಗಿ, ಜೋಳ, ಮುಸುಕಿನ ಜೋಳ ಬೆಳೆಯುವ ರೈತರಿಂದ ತಪ್ಪದೆ ಕೇಳಿಬರುವ ದೂರೊಂದಿದೆ. "ನೀವು ಹೇಳಿದ ದಿನಕ್ಕೆ ಸರಿಯಾಗಿ ಯೂರಿಯಾ ಕೊಟ್ಟೆವು. ಎರಡು ವಾರವಾಯಿತು. ಪೈರು ಇದ್ದಲ್ಲೇ ಇದೆ, ಏಳಲಿಲ್ಲ. ಗೊಬ್ಬರದಲ್ಲೇ ಏನೋ ಮೋಸವಿರಬೇಕು." ಅಂಗಡಿಯವನ ಮೇಲೆ, ಕಂಪನಿಯ ಮೇಲೆ, ಕೊನೆಗೆ ಶಿಫಾರಸು ಮಾಡಿದ ವಿಸ್ತರಣಾಧಿಕಾರಿಯ ಮೇಲೆ ಅನುಮಾನ ಬರುವುದು ಸಹಜವೇ. ಆದರೆ ಬಹುಪಾಲು ಸಂದರ್ಭಗಳಲ್ಲಿ ಗೊಬ್ಬರ ಸರಿಯಾಗಿಯೇ ಇರುತ್ತದೆ. ಅದು ಕರಗಿ, ಒಂದಷ್ಟು ಭಾಗ ಬೇರಿನ ಮೂಲಕ ಗಿಡದೊಳಕ್ಕೂ ಹೋಗಿರುತ್ತದೆ. ಹೋದದ್ದು ಅಲ್ಲಿ ಕೆಲಸವಿಲ್ಲದೆ ಕುಳಿತಿರುತ್ತದೆ. ಏಕೆಂದರೆ ಅದನ್ನು ಬಳಸಿಕೊಳ್ಳಬೇಕಾದ ಯಂತ್ರಕ್ಕೆ ಗಿಡವೇ ಬೀಗ ಹಾಕಿಕೊಂಡಿರುತ್ತದೆ.

ಬೀಗ ಎಂದದ್ದು ಬರಿಯ ಅಲಂಕಾರಕ್ಕಲ್ಲ. ಗಿಡದೊಳಗೆ ಅಂಥದೊಂದು ಏರ್ಪಾಡು ನಿಜಕ್ಕೂ ಇದೆ. ಅದು ಯಾವಾಗ ಬೀಳುತ್ತದೆ, ಯಾವಾಗ ತೆರೆಯುತ್ತದೆ ಎಂಬುದು ಮೂವತ್ತು ವರ್ಷಕ್ಕೂ ಹಿಂದೆಯೇ ತಿಳಿದಿದೆ. ಹೀಗಿದ್ದೂ ನಮ್ಮ ಶಿಫಾರಸು ಪಟ್ಟಿಗಳು ಇಂದಿಗೂ "ಬಿತ್ತಿದ 30ನೇ ದಿನ ಉಳಿದರ್ಧ ಸಾರಜನಕ ಕೊಡಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಮೂವತ್ತನೇ ದಿನ ಆಕಾಶ ಹೇಗಿದೆ, ಮಣ್ಣಿನಲ್ಲಿ ಹಸಿ ಎಷ್ಟಿದೆ, ಪೈರು ಮುದುಡಿದೆಯೇ ಅರಳಿದೆಯೇ ಎಂಬ ಮಾತು ಅಲ್ಲಿಲ್ಲ. ಈ ಕೊರತೆಯಿಂದ ರೈತನಿಗೆ ಆಗುವ ನಷ್ಟ ಯೂರಿಯಾ ಚೀಲದ ಬೆಲೆಯಷ್ಟೇ ಅಲ್ಲ, ಕೆಲವೊಮ್ಮೆ ಕೊಟ್ಟಿಗೆಯ ದನವೂ ಹೋಗುತ್ತದೆ. ಅದನ್ನು ಮುಂದೆ ವಿವರಿಸುತ್ತೇನೆ.

ಅಕ್ಕಿ ಬೇರೆ, ಅನ್ನ ಬೇರೆ

ಯೂರಿಯಾ ಹಸಿ ಮಣ್ಣಿಗೆ ಬಿದ್ದ ಕೆಲವು ದಿನಗಳಲ್ಲಿ ಅಮೋನಿಯಾ ರೂಪಕ್ಕೆ ಬರುತ್ತದೆ. ಗಾಳಿಯಾಡುವ ಹೊಲಗಳಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಆ ಅಮೋನಿಯಾವನ್ನು ಮುಂದಿನ ಒಂದೆರಡು ವಾರಗಳಲ್ಲಿ ನೈಟ್ರೇಟಾಗಿ ಮಾರ್ಪಡಿಸುತ್ತವೆ. 2015ರಿಂದ ನಮ್ಮ ದೇಶದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯವಾದದ್ದಕ್ಕೆ ಒಂದು ಕಾರಣ ಈ ಎರಡನೇ ಹೆಜ್ಜೆಯನ್ನು ನಿಧಾನಗೊಳಿಸುವುದು. ಖುಷ್ಕಿ ಬೆಳೆಗಳು ಸಾರಜನಕವನ್ನು ಹೆಚ್ಚಾಗಿ ಹೀರುವುದು ನೈಟ್ರೇಟ್ ರೂಪದಲ್ಲೇ. ನೀರು ನಿಂತ ಬತ್ತದ ಗದ್ದೆಯ ಕತೆ ಬೇರೆ. ಅಲ್ಲಿ ಅಮೋನಿಯಾ ನೈಟ್ರೇಟಾಗುವುದು ಕಡಿಮೆ, ಬತ್ತ ಅಮೋನಿಯಾವನ್ನೇ ನೇರವಾಗಿ ಹೀರಿಕೊಳ್ಳುತ್ತದೆ. ಆದ್ದರಿಂದ ಕಾಲುವೆ ಕೆಳಗಿನ ಬತ್ತದ ರೈತರು ಈ ಲೇಖನದ ಅರ್ಧವನ್ನು ಬಿಟ್ಟು ಓದಬಹುದು. ಮೇವಿನ ಭಾಗವನ್ನು ಮಾತ್ರ ಬಿಡಬಾರದು.

ನೈಟ್ರೇಟಿನಲ್ಲಿರುವುದು ಸಾರಜನಕವೇ ಹೌದು. ಆದರೆ ಗಿಡಕ್ಕೆ ಅದು ಅಕ್ಕಿ, ಅನ್ನವಲ್ಲ. ಅದನ್ನು ಬೇಯಿಸುವ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ನೈಟ್ರೇಟ್ ರಿಡಕ್ಟೇಸ್ ಎಂಬ ಕಿಣ್ವ ನೈಟ್ರೇಟನ್ನು ನೈಟ್ರೈಟ್ ಮಾಡುತ್ತದೆ. ಇದಕ್ಕೆ ಎರಡು ಎಲೆಕ್ಟ್ರಾನು ಬೇಕು. ಆಮೇಲೆ ನೈಟ್ರೈಟ್ ರಿಡಕ್ಟೇಸ್ ಎಂಬ ಇನ್ನೊಂದು ಕಿಣ್ವ ಎಲೆಯ ಹಸಿರು ಕಣಗಳೊಳಗೆ ಕುಳಿತು ನೈಟ್ರೈಟನ್ನು ಅಮೋನಿಯಾ ಮಾಡುತ್ತದೆ. ಇದಕ್ಕೆ ಆರು ಎಲೆಕ್ಟ್ರಾನು ಬೇಕು. ಎಲೆಯಲ್ಲಿ ಅವು ಬರುವುದು ಬಿಸಿಲಿನ ಶಕ್ತಿಯಿಂದ. ಹೀಗೆ ಸಿದ್ಧವಾದ ಅಮೋನಿಯಾ, ಗಿಡ ತಯಾರಿಸಿದ ಸಕ್ಕರೆಯಿಂದ ಬಂದ ಇಂಗಾಲದ ಜೊತೆ ಸೇರಿ ಅಮೈನೋ ಆಮ್ಲವಾಗುತ್ತದೆ. ಪೈರಿನ ಎಲೆ, ತೆಂಡೆ, ಕಾಳಿನ ಪ್ರೋಟೀನು ಎಲ್ಲಕ್ಕೂ ಇದೇ ಮೂಲ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ನಡುವೆ ಬರುವ ನೈಟ್ರೈಟ್ ವಿಷ. ಗಿಡಕ್ಕೂ ವಿಷ, ಪ್ರಾಣಿಗೂ ವಿಷ. ಮೊದಲ ಕಿಣ್ವ ಕೆಲಸ ಮಾಡುತ್ತಿದ್ದು ಎರಡನೆಯದು ನಿಂತುಬಿಟ್ಟರೆ ಗಿಡದೊಳಗೆ ವಿಷ ತುಂಬಿಕೊಳ್ಳುತ್ತದೆ. ಎರಡನೆಯದಕ್ಕೆ ಬಿಸಿಲೇ ಆಧಾರ. ಹಾಗಾದರೆ ಕತ್ತಲಾದೊಡನೆ ಏನು ಮಾಡಬೇಕು? ಮೊದಲ ಕಿಣ್ವವನ್ನು ತಕ್ಷಣ ನಿಲ್ಲಿಸಬೇಕು. ಗಿಡ ಮಾಡುವುದೂ ಅದನ್ನೇ.

ಚಿಲಕ ಮತ್ತು ಬೀಗ

ನೈಟ್ರೇಟ್ ರಿಡಕ್ಟೇಸನ್ನು ಸೋಯಾ ಅವರೆಯ ಎಲೆಯಿಂದ ಬೇರ್ಪಡಿಸಿ ಅದರ ಗುಣಗಳನ್ನು ಮೊದಲು ವಿವರಿಸಿದವರು ಅಮೆರಿಕದ ಇವಾನ್ಸ್ ಮತ್ತು ನೇಸನ್, 1953ರಲ್ಲಿ. 1960ರಲ್ಲಿ ಇಲಿನಾಯ್‌ನ ಹೇಗ್‌ಮನ್ ಮತ್ತು ಫ್ಲೆಷರ್ ಮುಸುಕಿನ ಜೋಳದ ಸಸಿಗಳಲ್ಲಿ ಈ ಕಿಣ್ವದ ಚುರುಕು ಬೆಳಕನ್ನೂ ನೈಟ್ರೇಟಿನ ಪೂರೈಕೆಯನ್ನೂ ಅನುಸರಿಸಿ ಏರಿಳಿಯುತ್ತದೆ ಎಂದು ತೋರಿಸಿದರು. ಆಗ ತಿಳಿದಿದ್ದು ಇಷ್ಟು: ನೆರಳಿನಲ್ಲಿ ಕಿಣ್ವ ಕಡಿಮೆಯಾಗುತ್ತದೆ, ಬಿಸಿಲಿನಲ್ಲಿ ಹೊಸದಾಗಿ ತಯಾರಾಗುತ್ತದೆ. ಇದಕ್ಕೆ ಗಂಟೆಗಳು ಹಿಡಿಯುತ್ತವೆ.

ಆದರೆ ಇನ್ನೂ ಬೇಗ ನಡೆಯುವ ವ್ಯವಹಾರವೊಂದಿತ್ತು. ಜರ್ಮನಿಯ ವೂರ್ಟ್ಸ್‌ಬರ್ಗ್ ನಗರದ ವೆರ್ನರ್ ಕೈಸರ್ ಮತ್ತು ಸಂಗಡಿಗರು ಪಾಲಕ್ ಎಲೆಗಳಲ್ಲಿ ಅದನ್ನು ಕಂಡರು. ಎಲೆಯನ್ನು ಕತ್ತಲಿಗೆ ಇಟ್ಟರೆ ಕೆಲವೇ ನಿಮಿಷಗಳಲ್ಲಿ ಕಿಣ್ವದ ಚುರುಕು ಬಹಳಷ್ಟು ಇಳಿಯುತ್ತದೆ. ಬೆಳಕಿಗೆ ತಂದರೆ ಅರ್ಧ ಗಂಟೆಯೊಳಗೆ ಮೇಲೇಳುತ್ತದೆ. ಇಷ್ಟು ಹೊತ್ತಿನಲ್ಲಿ ಕಿಣ್ವ ನಾಶವಾಗಿ ಮತ್ತೆ ಹುಟ್ಟಲು ಸಾಧ್ಯವಿಲ್ಲ. ಇದ್ದದ್ದೇ ನಿಲ್ಲುತ್ತದೆ, ಇದ್ದದ್ದೇ ಹೊರಡುತ್ತದೆ. ಇನ್ನೂ ಮುಖ್ಯವಾದ ಸಂಗತಿ, ಬೆಳಕಿದ್ದರೂ ಎಲೆಗೆ ಇಂಗಾಲಾಮ್ಲ ಅನಿಲ ಸಿಗದಂತೆ ಮಾಡಿದರೆ ಆಗಲೂ ಕಿಣ್ವ ನಿಲ್ಲುತ್ತದೆ.

ನಿಲ್ಲಿಸುವ ವಿಧಾನವನ್ನು 1992ರಿಂದ 1996ರ ವರೆಗೆ ಜರ್ಮನಿಯ ಇವರೂ, ಅಮೆರಿಕದ ಕೃಷಿ ಇಲಾಖೆಯ ಸ್ಟೀವನ್ ಹ್ಯೂಬರ್ ಮತ್ತು ಸಂಗಡಿಗರೂ, ಬ್ರಿಟನ್ನಿನ ಕೆಲವರೂ ಬಿಡಿಸಿದರು. ಕಿಣ್ವವೆಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಪಾಲಕ್ಕಿನ ನೈಟ್ರೇಟ್ ರಿಡಕ್ಟೇಸಿನಲ್ಲಿ ಈ ಸರದ 543ನೇ ಮಣಿ ಸೆರೀನ್ ಎಂಬುದು. ಕತ್ತಲಾದಾಗ ಇನ್ನೊಂದು ಕಿಣ್ವ ಬಂದು ಈ ಮಣಿಗೆ ರಂಜಕದ ಕಣವೊಂದನ್ನು ಅಂಟಿಸುತ್ತದೆ. ಇದು ಚಿಲಕ ಹಾಕಿದಂತೆ. ಚಿಲಕ ಹಾಕಿದ ಮಾತ್ರಕ್ಕೆ ಬಾಗಿಲು ಭದ್ರವಾಗಲಿಲ್ಲ, ಕಿಣ್ವ ಇನ್ನೂ ಕೆಲಸ ಮಾಡಬಲ್ಲದು. ಆ ಚಿಲಕಕ್ಕೆ 14-3-3 ಎಂಬ ಪ್ರೋಟೀನು ಬಂದು ಬೀಗದಂತೆ ಕೂರುತ್ತದೆ. ಅದು ಕೂರಲು ಮೆಗ್ನೀಸಿಯಂ ಬೇಕು. ಆಗ ಕಿಣ್ವ ನಿಲ್ಲುತ್ತದೆ. (ಈ ವಿಚಿತ್ರ ಹೆಸರಿನ ಪ್ರೋಟೀನು 1967ರಲ್ಲಿ ಮೊದಲು ಸಿಕ್ಕಿದ್ದು ದನದ ಮಿದುಳಿನಲ್ಲಿ. ಬೇರ್ಪಡಿಸುವಾಗ ಕೊಟ್ಟ ಅಂಕಿಗಳೇ ಹೆಸರಾಗಿ ಉಳಿದವು. ದನಕ್ಕೂ ಪಾಲಕ್ಕಿಗೂ ಒಂದೇ ಬಗೆಯ ಬೀಗ!) ಬೆಳಕು ಬಂದು ಎಲೆಯಲ್ಲಿ ಸಕ್ಕರೆ ತಯಾರಿಕೆ ಶುರುವಾದೊಡನೆ ಬೀಗ ಕಳಚುತ್ತದೆ, ರಂಜಕವನ್ನು ಮತ್ತೊಂದು ಕಿಣ್ವ ಕಿತ್ತುಹಾಕುತ್ತದೆ, ಕೆಲಸ ಮುಂದುವರಿಯುತ್ತದೆ. ಮುಸುಕಿನ ಜೋಳದಲ್ಲೂ ಇಂಥದೇ ಏರ್ಪಾಡು ಇರುವುದು ಕಂಡುಬಂದಿದೆ.

ಕತ್ತಲೆ ಬಹಳ ಹೊತ್ತು ಮುಂದುವರಿದರೆ ಬೀಗ ಹಾಕಿದ ಕಿಣ್ವವನ್ನು ಗಿಡ ಒಡೆದುಹಾಕುತ್ತದೆ. ಆಮೇಲೆ ಬೆಳಕು ಬಂದರೂ ಬೀಗ ತೆಗೆದರೆ ಸಾಲದು, ಯಂತ್ರವನ್ನೇ ಹೊಸದಾಗಿ ಕಟ್ಟಬೇಕು. ಹಾಯುವ ಮೋಡಕ್ಕೂ ವಾರಗಟ್ಟಲೆ ಕವಿದ ಮೋಡಕ್ಕೂ ಇರುವ ವ್ಯತ್ಯಾಸವೇ ಇದು.

ಈ ಬೀಗವನ್ನು ಒಡೆದುಬಿಟ್ಟರೆ ಬೆಳೆ ಹಗಲು ರಾತ್ರಿ ಸಾರಜನಕ ಬಳಸಿ ದುಪ್ಪಟ್ಟು ಬೆಳೆಯಬಾರದೇಕೆ ಎಂದು ಓದುಗರಿಗೆ ಅನಿಸಬಹುದು. ವಿಜ್ಞಾನಿಗಳಿಗೂ ಅನಿಸಿತ್ತು. ನಾರ್ವೆಯ ಕ್ಯಾಥ್ರಿನ್ ಲಿಲ್ಲೋ ಮತ್ತು ಜೊತೆಗಾರರು ಹೊಗೆಸೊಪ್ಪಿನ ಗಿಡದಲ್ಲಿ ಆ ಸೆರೀನನ್ನು ಬದಲಾಯಿಸಿ, ಚಿಲಕವೇ ಇಲ್ಲದ ಕಿಣ್ವವನ್ನು ಮಾಡಿ ನೋಡಿದರು. 2003ರಲ್ಲಿ ಅದರ ಫಲ ಪ್ರಕಟವಾಯಿತು. ಕಿಣ್ವ ಕತ್ತಲಲ್ಲೂ ನಡೆಯಿತು, ಆದರೆ ಎಲೆಯಲ್ಲಿ ನೈಟ್ರೈಟ್ ತುಂಬಿಕೊಂಡಿತು. ಬೀಗವಿರುವುದು ಗಿಡದ ಸೋಮಾರಿತನಕ್ಕಲ್ಲ, ಪ್ರಾಣರಕ್ಷಣೆಗೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಬೀಗದ ಜೊತೆ ಜಗಳವಾಡುವುದು ಬಿಟ್ಟು, ಅದು ತೆರೆದಿರುವ ಹೊತ್ತಿಗೆ ಗೊಬ್ಬರ ತಲುಪಿಸುವುದೇ ಬುದ್ಧಿವಂತಿಕೆ.

ಹೊಲದಲ್ಲಿ ಇದರ ಅರ್ಥವೇನು?

ಆಶ್ಲೇಷ ಮಳೆಯ ಸೋನೆ ಹಿಡಿದರೆ ಹಳೇ ಮೈಸೂರು ಕಡೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಜುಲೈಯಲ್ಲಿ ಬಿತ್ತಿದ ರಾಗಿಗೆ ಮೇಲುಗೊಬ್ಬರದ ತಾರೀಖು ಬಂದು ಬೀಳುವುದೂ ಹೆಚ್ಚುಕಡಿಮೆ ಆಗಲೇ. ನೆಲ ಹಸಿಯಾಗಿದೆ, ಯೂರಿಯಾ ಕರಗುತ್ತದೆ ಎಂದು ರೈತ ಸಂತೋಷದಿಂದ ಎರಚುತ್ತಾನೆ. ಆದರೆ ಮಂಕು ಬೆಳಕಿನಲ್ಲಿ ಎಲೆ ಸಕ್ಕರೆ ಮಾಡುತ್ತಿಲ್ಲ, ಕಿಣ್ವ ಅರೆಬರೆ ನಡೆಯುತ್ತಿದೆ. ಒಲೆ ಹತ್ತದ ಮನೆಗೆ ಅಕ್ಕಿ ಮೂಟೆ ಇಳಿಸಿದಂತೆ. ಗಿಡ ಹೀರದೆ ಬಿಟ್ಟ ನೈಟ್ರೇಟು ಕೆಂಪು ಮರಳು ಮಣ್ಣಿನಲ್ಲಿ ಸೋನೆಯ ನೀರಿನೊಡನೆ ಬೇರಿಗೆ ಎಟುಕದ ಆಳಕ್ಕೆ ಇಳಿದುಹೋಗುತ್ತದೆ. ಬಿಸಿಲು ಬರುವ ಹೊತ್ತಿಗೆ ಗೊಬ್ಬರದ ಬಹುಭಾಗ ಅಲ್ಲಿರುವುದಿಲ್ಲ.

ಉತ್ತರ ಕರ್ನಾಟಕದ ಕಪ್ಪು ಭೂಮಿಯಲ್ಲಿ ಕಷ್ಟ ಬೇರೆ ರೀತಿಯದು. ಅಲ್ಲಿ ಬಿಸಿಲಿಗೆ ಬರವಿಲ್ಲ, ನೀರಿಗೆ ಬರ. ಹಸಿ ಕಡಿಮೆಯಾದಾಗ ಎಲೆ ನೀರುಳಿಸಲು ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ರಂಧ್ರ ಮುಚ್ಚಿದರೆ ಇಂಗಾಲಾಮ್ಲ ಒಳಗೆ ಬರುವುದಿಲ್ಲ. ಆಗ ನೆತ್ತಿಯ ಮೇಲೆ ಸೂರ್ಯನಿದ್ದರೂ ಗಿಡದ ಲೆಕ್ಕಕ್ಕೆ ಅದು ಕತ್ತಲೆಯೇ, ಬೀಗ ಬೀಳುತ್ತದೆ. ಬಾಡಿದ ಪೈರಿಗೆ ಶಕ್ತಿ ಬರಲೆಂದು ಯೂರಿಯಾ ಕೊಡುವವರು ಈ ಮಾತನ್ನು ನೆನಪಿಡಬೇಕು. ಬಾಡಿದ ಗಿಡ ಹಸಿದಿರುವುದಿಲ್ಲ, ಬಾಯಾರಿರುತ್ತದೆ. ಅರೆ ಹಸಿಯ ಮಣ್ಣಿನ ಮೇಲೆ ಬಿದ್ದ ಯೂರಿಯಾದ ಸಾರಜನಕದಲ್ಲಿ ಒಂದು ಪಾಲು ಅಮೋನಿಯಾ ಆಗಿ ಗಾಳಿಗೂ ಹೋಗುತ್ತದೆ.

ಹಾಗಾದರೆ ಎಂದು ಹಾಕಬೇಕು? ಒಂದು ದಿನದ ಮೋಡಕ್ಕೆ ಹೆದರಬೇಕಾಗಿಲ್ಲ. ಯೂರಿಯಾ ನೈಟ್ರೇಟಾಗಿ ಗಿಡಕ್ಕೆ ಸಿಗಲು ಹೇಗೂ ದಿನಗಳು ಬೇಕು. ನೋಡಬೇಕಾದ್ದು ಹಾಕಿದ ದಿನದ ಬಿಸಿಲನ್ನಲ್ಲ, ಮುಂದಿನ ಹತ್ತು ಹನ್ನೆರಡು ದಿನದ ಬಿಸಿಲನ್ನು. ಭೂಮಿ ಹದವಾಗಿರಬೇಕು, ಎಡೆಕುಂಟೆ ಹೊಡೆದು ಕಳೆ ತೆಗೆದಿರಬೇಕು, ಮೋಡ ಒಡೆಯುವ ಸೂಚನೆ ಇರಬೇಕು. ಹವಾಮಾನ ಇಲಾಖೆ ಮಂಗಳವಾರ ಮತ್ತು ಶುಕ್ರವಾರ ಕೊಡುವ ಕೃಷಿ ಹವಾಮಾನ ವರದಿಯಲ್ಲಿ ಮುಂದಿನ ಐದು ದಿನದ ಮಳೆ, ಮೋಡದ ವಿವರವಿರುತ್ತದೆ. ನಮ್ಮವರು ಅದನ್ನು ಮಳೆಗಾಗಿ ಮಾತ್ರ ಕೇಳುತ್ತಾರೆ, ಮೋಡದ ಸಾಲನ್ನು ಯಾರೂ ಓದುವುದಿಲ್ಲ. ತಾರೀಖಿಗಿಂತ ಒಂದು ವಾರ ತಡವಾದರೆ ರಾಗಿಗೆ ದೊಡ್ಡ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ತೆಂಡೆ ಒಡೆಯುವ ಕಾಲವೇ ದಾಟಿಹೋದರೆ ಮಾತ್ರ ನಷ್ಟ. ಸೋನೆ ಬಿಡುವ ಲಕ್ಷಣವೇ ಕಾಣದಿದ್ದರೆ ಮೇಲುಗೊಬ್ಬರವನ್ನು ಎರಡು ಭಾಗ ಮಾಡಿ, ಅರ್ಧ ಈಗ, ಅರ್ಧ ಹದಿನೈದು ದಿನ ಬಿಟ್ಟು ಕೊಡುವುದು ಲೇಸು.

ಪ್ರಮಾಣವೂ ದೊಡ್ಡದೇನಲ್ಲ. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕವೆಂದು ಶಿಫಾರಸು. ಅದರ ಅರ್ಧ ಮೇಲುಗೊಬ್ಬರಕ್ಕೆ ಬಂದರೆ ಎಕರೆಗೆ 10 ಕಿಲೋ ಸಾರಜನಕ, ಅಂದರೆ ಸುಮಾರು 22 ಕಿಲೋ ಯೂರಿಯಾ. ಈಗಿನ 45 ಕಿಲೋ ಚೀಲದಲ್ಲಿ ಅರ್ಧ. ಇಷ್ಟನ್ನು ಸರಿಯಾದ ಹೊತ್ತಿನಲ್ಲಿ ಹಾಕಿದವನ ಪೈರು, ಒಂದೂವರೆ ಚೀಲವನ್ನು ಮೋಡದಲ್ಲಿ ಎರಚಿದವನ ಪೈರಿಗಿಂತ ಮುಂದಿರುವುದನ್ನು ಬದು ಬದಿಯಲ್ಲೇ ತೋರಿಸಬಹುದು.

ಎಲೆಯ ಮೇಲೆ ಯೂರಿಯಾ ದ್ರಾವಣ ಸಿಂಪಡಿಸಿದರೆ ಹೇಗೆ ಎಂಬ ಪ್ರಶ್ನೆ ಬರುತ್ತದೆ. ಲೀಟರಿಗೆ 20 ಗ್ರಾಂನಂತೆ ಕರಗಿಸಿ ಸಿಂಪಡಿಸುವ ಪದ್ಧತಿ ಹಳೆಯದೇ. ಎಲೆಯೊಳಗೆ ಯೂರಿಯಾ ನೇರವಾಗಿ ಅಮೋನಿಯಾ ಆಗುವುದರಿಂದ ನೈಟ್ರೇಟಿನ ಬೀಗ ಇಲ್ಲಿ ಅಡ್ಡ ಬರುವುದಿಲ್ಲ. ಆದರೆ ಆ ಅಮೋನಿಯಾವನ್ನು ಕಟ್ಟಿಹಾಕಲು ಸಕ್ಕರೆಯ ಇಂಗಾಲ ಬೇಕಲ್ಲ? ಬೀಗ ತಪ್ಪಿಸಿ ಒಳಗೆ ಹೋದರೂ ಒಲೆ ಹತ್ತಿರಲೇಬೇಕು. ಮಳೆ ಬಂದು ಪೈರು ಚೇತರಿಸಿಕೊಳ್ಳುವಾಗ ಸಿಂಪರಣೆ ಚೆನ್ನಾಗಿ ಫಲ ಕೊಡುತ್ತದೆ, ಬಾಡಿ ಸುರುಳಿಯಾದ ಎಲೆಗೆ ಅಲ್ಲ.

ಇಷ್ಟೆಲ್ಲ ಹೇಳಿ ರೈತನನ್ನೇ ಗದರಿಸಿದರೆ ನ್ಯಾಯವಾಗುವುದಿಲ್ಲ. ಕಾದು ನೋಡಿ ಹಾಕು ಎನ್ನುವವರು ಕಾಯಲು ಅವನಿಗೆ ಅನುಕೂಲ ಮಾಡಿಕೊಡಬೇಕು. 2025ರ ಮುಂಗಾರಿನಲ್ಲಿ ಕೊಪ್ಪಳ, ಗದಗ, ಧಾರವಾಡದ ಕಡೆ ಯೂರಿಯಾಕ್ಕಾಗಿ ನಸುಕಿನಿಂದ ಸಾಲು ನಿಂತ ರೈತರನ್ನು ನಾಡೆಲ್ಲ ನೋಡಿತು. ಹಾಗೆ ನಿಂತು ಸಿಕ್ಕ ಚೀಲವನ್ನು ಯಾರು ತಾನೇ ಮನೆಯಲ್ಲಿಟ್ಟು ಬಿಸಿಲಿಗೆ ಕಾಯುತ್ತಾರೆ? ಸಿಕ್ಕ ದಿನವೇ ಎರಚುತ್ತಾರೆ. ಮುಂದೆ ಸಿಗುತ್ತದೋ ಇಲ್ಲವೋ ಎಂದು ಎರಡು ಪಾಲು ಎರಚುತ್ತಾರೆ. ಬಿತ್ತನೆಯ ಹೊತ್ತಿಗೇ ಆ ಬೆಳೆಯ ಪೂರ್ತಿ ಯೂರಿಯಾ ರೈತನ ಮನೆ ಸೇರಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಒಣ ಜಾಗದಲ್ಲಿ, ಹಲಗೆಯ ಮೇಲೆ, ಬಾಯಿ ಕಟ್ಟಿ ಇಟ್ಟ ಯೂರಿಯಾ ಎರಡು ತಿಂಗಳಿಗೆ ಕೆಡುವುದಿಲ್ಲ. ಇನ್ನು ಶಿಫಾರಸು ಪಟ್ಟಿಯಲ್ಲಿ "30ನೇ ದಿನ" ಎಂಬುದರ ಮುಂದೆ "ಮಣ್ಣು ಹದವಿದ್ದು, ಬಿಸಿಲು ಬಿದ್ದಾಗ, ಇಲ್ಲದಿದ್ದರೆ 40ನೇ ದಿನದೊಳಗೆ" ಎಂದು ಒಂದು ಸಾಲು ಸೇರಿಸಲು ಹೊಸ ಸಂಶೋಧನೆಯೇನೂ ಬೇಕಾಗಿಲ್ಲ. ಮುದ್ರಣದ ಶಾಯಿ ಸಾಕು.

ದ್ವಿದಳ ಬೆಳೆಗಳಲ್ಲೂ ಇಂಥದೇ ನಿಲುಗಡೆ ಇದೆ, ಬೇರೆ ಜಾಗದಲ್ಲಿ. ಶೇಂಗಾ, ತೊಗರಿ, ಸೋಯಾ ಅವರೆಯ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಮಣ್ಣಿನಲ್ಲಿ ನೈಟ್ರೇಟು ಹೆಚ್ಚಾದರೆ ಒಂದೆರಡು ದಿನದಲ್ಲೇ ಆ ಕೆಲಸ ಕುಂಠಿತವಾಗುತ್ತದೆ, ನೈಟ್ರೇಟು ಬೇಗ ಕರಗಿಹೋದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಮಳೆಯಾಶ್ರಿತ ಶೇಂಗಾಕ್ಕೆ ಬಿತ್ತುವಾಗ ಹೆಕ್ಟೇರಿಗೆ 25 ಕಿಲೋ ಸಾರಜನಕ ಸಾಕೆನ್ನುವುದು ಇದಕ್ಕೇ. ಬೇರುಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆಯುತ್ತಿದೆ, ಯೂರಿಯಾ ಕೊಟ್ಟು ಅದನ್ನು ಮನೆಗೆ ಕಳಿಸಬೇಡಿ.

ಗೋದಲಿಯಲ್ಲಿ ಬರುವ ಅಪಾಯ

ಬಳಕೆಯಾಗದೆ ಉಳಿದ ನೈಟ್ರೇಟು ಗಿಡದಲ್ಲಿ ಎಲ್ಲಿರುತ್ತದೆ? ಕಾಳಿಗೆ ಅದು ಹೋಗುವುದು ತೀರ ಕಡಿಮೆ. ಬಹುಪಾಲು ದಂಟಿನಲ್ಲಿ, ಅದರಲ್ಲೂ ನೆಲದಿಂದ ಮೇಲಿನ ಒಂದು ಗೇಣು, ಎರಡು ಗೇಣಿನಲ್ಲಿ ಸಂಗ್ರಹವಾಗಿರುತ್ತದೆ. ಅಂದರೆ ಮನುಷ್ಯನ ಪಾಲಿಗಲ್ಲ, ದನದ ಪಾಲಿಗೆ.

ಎಲೆಯೊಳಗೆ ನಡೆಯುವ ಅದೇ ಎರಡು ಹೆಜ್ಜೆಗಳು ದನದ ಮೊದಲ ಹೊಟ್ಟೆಯಲ್ಲೂ ನಡೆಯುತ್ತವೆ. ಅಲ್ಲಿನ ಸೂಕ್ಷ್ಮಜೀವಿಗಳು ನೈಟ್ರೇಟನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ಅಮೋನಿಯಾ ಮಾಡುತ್ತವೆ. ಮೊದಲ ಹೆಜ್ಜೆ ಬೇಗ, ಎರಡನೆಯದು ನಿಧಾನ. ಗಿಡದಲ್ಲಾದರೆ ಇಂಥ ಹೊತ್ತಿಗೆ ಬೀಗ ಬೀಳುತ್ತಿತ್ತು. ದನದ ಹೊಟ್ಟೆಯಲ್ಲಿ ಬೀಗವಿಲ್ಲ. ಮಿಕ್ಕ ನೈಟ್ರೈಟ್ ರಕ್ತಕ್ಕೆ ಸೇರಿ ಹಿಮೊಗ್ಲೋಬಿನ್ನನ್ನು ಕೆಡಿಸುತ್ತದೆ. ಕೆಟ್ಟ ಹಿಮೊಗ್ಲೋಬಿನ್ ಆಮ್ಲಜನಕ ಹೊರಲಾರದು. ದನ ಏದುಸಿರು ಬಿಡುತ್ತದೆ, ನಡುಗುತ್ತದೆ, ತೂರಾಡುತ್ತದೆ, ಬಾಯಿ ಕಣ್ಣಿನ ಒಳಪೊರೆ ನೀಲಿ ಮಿಶ್ರಿತ ಕಂದಾಗುತ್ತದೆ. ಕೆಲವೇ ಗಂಟೆಗಳಲ್ಲಿ ಸಾಯಬಹುದು. ಬದುಕಿದ ಗಬ್ಬದ ಹಸು ಕಂದು ಹಾಕಬಹುದು.

ಬಯಲುಸೀಮೆಯ ಹಳ್ಳಿಯೊಂದರಲ್ಲಿ ನಡೆದದ್ದನ್ನು ಹೇಳುತ್ತೇನೆ. ಜೋಳದ ಮೇವಿನ ಹೊಲ ಇಪ್ಪತ್ತು ದಿನ ಮಳೆಯಿಲ್ಲದೆ ಬಾಡಿತ್ತು. ಬಾಡುವ ಮೊದಲೇ ಯೂರಿಯಾ ಬಿದ್ದಿತ್ತು. ಹುಬ್ಬೆ ಮಳೆ ಒಂದು ಹದ ಬಂತು. ಪೈರು ಎರಡು ದಿನಕ್ಕೆ ಹಸಿರಾಗಿ ತಲೆಯೆತ್ತಿತು. ಮೂರನೇ ದಿನ ಬುಡಸಮೇತ ಕೊಯ್ದು ತಂದು, ಬೆಳಗಿನಿಂದ ಹಸಿದಿದ್ದ ಎರಡು ಹಸುಗಳಿಗೆ ಹೊಟ್ಟೆ ತುಂಬ ಹಾಕಿದರು. ಸಂಜೆಯ ಒಳಗೆ ಎರಡೂ ಹೋದವು. ಹಾವು ಕಚ್ಚಿತು ಎಂದರು ಕೆಲವರು, ಯಾರೋ ವಿಷ ಹಾಕಿದರು ಎಂದು ಪಕ್ಕದ ಮನೆಯವರ ಮೇಲೆ ಜಗಳವೂ ಆಯಿತು. ರಕ್ತ ಮಾತ್ರ ಚಾಕೊಲೇಟಿನಂತೆ ಕಂದು ಬಣ್ಣಕ್ಕಿತ್ತು. ಮಳೆ ಬಂದೊಡನೆ ಬೇರು ಮಣ್ಣಿನಲ್ಲಿದ್ದ ನೈಟ್ರೇಟನ್ನು ಎಳೆದುಕೊಂಡಿತ್ತು. ಬರದಲ್ಲಿ ಕುಗ್ಗಿಹೋಗಿದ್ದ ಕಿಣ್ವ ಮತ್ತೆ ತಯಾರಾಗಲು ಬೇಕಾದ ಹೊತ್ತು ಮಾತ್ರ ಸಿಕ್ಕಿರಲಿಲ್ಲ. ಕಣ್ಣಿಗೆ ಹಸಿರಾಗಿ ಕಂಡ ಆ ಮೂರು ದಿನವೇ ಅತ್ಯಂತ ಅಪಾಯದ ದಿನ.

ಎಳೆಯ ಜೋಳದ ಸಯನೈಡ್ ವಿಷ ನಮ್ಮ ರೈತರಿಗೆ ತಲೆತಲಾಂತರದಿಂದ ಗೊತ್ತು. ಎಳೆ ಜೋಳಕ್ಕೆ, ಕೂಳೆ ಚಿಗುರಿಗೆ ದನ ಬಿಡಬಾರದೆಂದು ಹಿರಿಯರು ಎಚ್ಚರಿಸುವುದು ಅದಕ್ಕೇ. ನೈಟ್ರೇಟಿನದು ಬೇರೆ ವಿಷ. ಸಯನೈಡಿನಲ್ಲಿ ರಕ್ತ ಹೊಳೆಯುವ ಕೆಂಪಾಗಿರುತ್ತದೆ, ಇದರಲ್ಲಿ ಕಂದಾಗಿರುತ್ತದೆ. ಮೇವನ್ನು ಒಣಗಿಸಿದರೆ ಸಯನೈಡ್ ಬಹಳಷ್ಟು ಇಳಿಯುತ್ತದೆ. ನೈಟ್ರೇಟು ಒಣಗಿಸಿದರೆ ಹೋಗುವುದಿಲ್ಲ, ಒಣ ಸೊಪ್ಪೆಯಲ್ಲೂ ಹಾಗೆಯೇ ಉಳಿಯುತ್ತದೆ. ಚಿಕಿತ್ಸೆಯೂ ಬೇರೆ. ನೈಟ್ರೇಟು ವಿಷಕ್ಕೆ ಪಶುವೈದ್ಯರು ಮಿಥಿಲೀನ್ ಬ್ಲೂ ಚುಚ್ಚುಮದ್ದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಸಯನೈಡಿಗೆ ಬಳಸುವ ಮದ್ದುಗಳಲ್ಲಿ ಸೋಡಿಯಂ ನೈಟ್ರೈಟ್ ಕೂಡ ಒಂದು. ನೈಟ್ರೇಟು ತಿಂದ ದನಕ್ಕೆ ಅದನ್ನು ಕೊಟ್ಟರೆ ಉರಿಯುವ ಬೆಂಕಿಗೆ ಎಣ್ಣೆ. ಆದ್ದರಿಂದ ವೈದ್ಯರು ಬಂದಾಗ ದನ ಏನು ತಿಂದಿತು, ಆ ಹೊಲಕ್ಕೆ ಯೂರಿಯಾ ಯಾವಾಗ ಹಾಕಿದ್ದು, ಮಳೆ ಯಾವಾಗ ಬಂತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ಒಣ ತೂಕದ ಲೆಕ್ಕದಲ್ಲಿ ಮೇವಿನ ನೈಟ್ರೇಟು ಶೇ. 0.4ರ ಒಳಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಶೇ. 1ಕ್ಕೆ ಬಂದರೆ ಗಬ್ಬದ ದನಕ್ಕೆ ಹಾಕಬಾರದು, ಉಳಿದವಕ್ಕೂ ಅರ್ಧಕ್ಕಿಂತ ಹೆಚ್ಚು ಒಣ ಹುಲ್ಲು ಬೆರೆಸಿಯೇ ಹಾಕಬೇಕು. ಶೇ. 1.5 ದಾಟಿದರೆ ಹಾಕುವುದೇ ಬೇಡ. ಅಂಕಿ ಗೊತ್ತಿಲ್ಲದ ಕಡೆ ಪದ್ಧತಿಯಿಂದಲೇ ಬಚಾವಾಗಬೇಕು. ಬರ ಬಿಟ್ಟು ಮಳೆಯಾದ ಮೇಲೆ ಏಳರಿಂದ ಹತ್ತು ದಿನ ಆ ಮೇವನ್ನು ಕೊಯ್ಯಬೇಡಿ. ಕೊಯ್ಯುವಾಗ ಬುಡದ ಒಂದು ಗೇಣು ಬಿಟ್ಟು ಕೊಯ್ಯಿರಿ. ಹಸಿದ ದನಕ್ಕೆ ಮೊದಲು ಒಣ ಹುಲ್ಲು ಕೊಟ್ಟು ಆಮೇಲೆ ಹಸಿ ಮೇವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಜೊತೆಗೆ ಒಂದಿಷ್ಟು ಜೋಳದ ನುಚ್ಚು ಕೊಟ್ಟರೆ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಎರಡನೇ ಹೆಜ್ಜೆ ಇಡಲು ಶಕ್ತಿ ಸಿಗುತ್ತದೆ. ಹೆಚ್ಚು ಮೇವಿದ್ದವರು ರಸಮೇವು ಮಾಡಬಹುದು, ಮೂರು ನಾಲ್ಕು ವಾರದಲ್ಲಿ ನೈಟ್ರೇಟು ಗಣನೀಯವಾಗಿ ಇಳಿಯುತ್ತದೆ. ಆದರೆ ತುಂಬಿದ ಮೊದಲ ಎರಡು ವಾರ ಗುಂಡಿಯೊಳಗೆ ಇಳಿಯುವುದು, ಬಾಗಿ ನೋಡುವುದು ಬೇಡ. ಹಳದಿ ಕಂದು ಬಣ್ಣದ ವಿಷಗಾಳಿ ಏಳುವುದುಂಟು, ಅದು ಮನುಷ್ಯನನ್ನೂ ಕೊಲ್ಲಬಲ್ಲದು.

ಪದ್ಧತಿಗಿಂತ ಪರೀಕ್ಷೆ ಮೇಲು. ಗಂಧಕಾಮ್ಲದಲ್ಲಿ ಕರಗಿಸಿದ ಡೈಫಿನೈಲ್‌ಅಮೀನ್ ದ್ರಾವಣದ ಒಂದೆರಡು ಹನಿಯನ್ನು ಸೀಳಿದ ದಂಟಿನ ಮೇಲೆ ಬಿಟ್ಟರೆ, ನೈಟ್ರೇಟು ಹೆಚ್ಚಿದ್ದಲ್ಲಿ ಕ್ಷಣದಲ್ಲಿ ಕಡು ನೀಲಿಯಾಗುತ್ತದೆ. ಆಮ್ಲ ಸುಡುವಂಥದು, ಆದ್ದರಿಂದ ಇದು ರೈತನ ಮನೆಯಲ್ಲಿ ಇಡುವ ವಸ್ತುವಲ್ಲ. ಪ್ರತಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಪ್ರತಿ ಪಶುವೈದ್ಯ ಆಸ್ಪತ್ರೆಯಲ್ಲಿ ಒಂದೊಂದು ಸೀಸೆ ಇರಬೇಕೆಂದು ರೈತರು ಗ್ರಾಮಸಭೆಯಲ್ಲಿ ಕೇಳಬೇಕು. ಕೇಳಿ ಇಡಿಸಿಕೊಂಡ ಮೇಲೆ, ಬರ ಬಿಟ್ಟು ಮಳೆಯಾದ ವಾರ ಹೊಲದ ನಾಲ್ಕಾರು ಕಡೆಯಿಂದ ಹತ್ತು ದಂಟು ಕಿತ್ತು ಬುಡಸಮೇತ ಒಯ್ಯಿರಿ. ತುದಿಯಿಂದ ಬುಡದವರೆಗೆ ಗಿಣ್ಣು ಗಿಣ್ಣಿಗೆ ಹನಿ ಬಿಟ್ಟು ನೋಡಿದರೆ ನೀಲಿ ಎಲ್ಲಿಂದ ಶುರುವಾಗುತ್ತದೆ ಎಂಬುದು ಕಾಣುತ್ತದೆ. ಬುಡದ ಒಂದೆರಡು ಗಿಣ್ಣಿಗೆ ಮಾತ್ರ ಬಂದರೆ ಅದರ ಮೇಲಕ್ಕೆ ಕುಡುಗೋಲು ಹಾಕಿ. ತುದಿಯವರೆಗೂ ಬಂದರೆ ಇನ್ನೊಂದು ವಾರ ಬಿಟ್ಟು ಮತ್ತೆ ಹತ್ತು ದಂಟು ಒಯ್ದು ನೋಡಿ.